ಸಮಸಪ್ತಕದ ಗ್ರಹಗಳು: ಯಾವ ಲೆಕ್ಕ ಹಿಡಿಯಬೇಕು, ಯಾವ ತುದಿಯಿಂದ ಆರಂಭಿಸಬೇಕು

ಒಂದೇ ಜಾತಕವನ್ನು ಊರಿನ ಪುರೋಹಿತರಿಗೆ ತೋರಿಸಿದರೆ “ಶನಿ-ಚಂದ್ರ ಸಮಸಪ್ತಕ, ಶಾಂತಿ ಮಾಡಿಸಿ” ಎನ್ನುತ್ತಾರೆ. ಡೊಂಬಿವಲಿಯ ಮರಾಠಿ ಜ್ಯೋತಿಷಿ “ಅಂಶ ದೂರ ಇದೆ, ಪ್ರತಿಯೋಗ ಆಗುವುದಿಲ್ಲ” ಎನ್ನುತ್ತಾರೆ. ಫೋನಿನ ಆ್ಯಪ್ ಮೂರನೆಯದೇನನ್ನೋ ಹೇಳುತ್ತದೆ. ಸಮಸಪ್ತಕ ಎಂದರೆ ಎರಡು ಗ್ರಹಗಳು ಒಂದರಿಂದೊಂದು ಏಳನೇ ರಾಶಿಯಲ್ಲಿ ಎದುರುಬದುರಾಗಿ ನಿಲ್ಲುವುದು. ಅಂಶ ಎಣಿಸಿ ನೋಡಿದ ಎದುರುನಿಲುವು ಪ್ರತಿಯೋಗ. ಮುಂಬಯಿ, ಪುಣೆಯ ಕನ್ನಡಿಗರಿಗೆ ಈ ಗೊಂದಲ ಹೊಸದಲ್ಲ. ಇಲ್ಲಿ ಎರಡು ಮೂರು ಪದ್ಧತಿಗಳು ಒಂದೇ ಪೇಟೆಯಲ್ಲಿ ಸಿಗುತ್ತವೆ. ಮೂವರೂ ಅವರವರ ಲೆಕ್ಕದಲ್ಲಿ ಸರಿಯಾಗಿಯೇ ಇರಬಹುದು. ಅಳತೆಗೋಲು ಬೇರೆಯಾದ್ದರಿಂದ ಉತ್ತರ ಬೇರೆ.

ಗ್ರಹಗಳ ಸ್ಥಾನ ಖಗೋಳ ಗಣಿತದ ವಿಷಯ, ಅಂಶದ ಅರವತ್ತರಲ್ಲಿ ಒಂದು ಪಾಲಾದ ಕಲೆಯವರೆಗೆ ನಿಖರವಾಗಿ ಹೇಳಬಹುದು. ಅವುಗಳ ಫಲ ಪರಂಪರೆಯ ಮಾತು; ವಿಜ್ಞಾನ ಅದನ್ನು ಒಪ್ಪಿಲ್ಲ. ನಮ್ಮ ನಿಲುವು ಇಷ್ಟೇ: ಎದುರುಬದುರಾದ ಎರಡು ಗ್ರಹಗಳನ್ನು ನಮ್ಮೊಳಗಿನ ಎರಡು ನ್ಯಾಯವಾದ ಬೇಡಿಕೆಗಳೆಂದು ಓದಿಕೊಂಡರೆ ನಮ್ಮನ್ನು ನಾವು ತಿದ್ದಿಕೊಳ್ಳಲು ಒಳ್ಳೆಯ ದಾರಿ ಸಿಗುತ್ತದೆ. ಹೆಚ್ಚಿನವರು ಒಂದು ತುದಿಯನ್ನೇ ಬದುಕುತ್ತಾರೆ, ಇನ್ನೊಂದನ್ನು ಗಂಡನಲ್ಲಿ, ಹೆಂಡತಿಯಲ್ಲಿ, ಮೇಲಧಿಕಾರಿಯಲ್ಲಿ ಕಂಡು ಜಗಳವಾಡುತ್ತಾರೆ. ಏಳನೇ ಮನೆ ಎಂದರೆ ‘ಎದುರಿನವರು’ ಎಂದು ಶಾಸ್ತ್ರ ಹೇಳುವುದು ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಲೆಕ್ಕಕ್ಕೆ ಮೊದಲು ಜಾತಕ ಸರಿಯಿದೆಯೇ?

ಮುಂಬಯಿಯ ಕನ್ನಡಿಗರ ಜಾತಕಗಳಲ್ಲಿ ಪದೇಪದೇ ಕಾಣುವ ತಪ್ಪು ಹುಟ್ಟಿದ ಸ್ಥಳದ್ದು. ಮಗು ಹುಟ್ಟಿದ್ದು ಘಾಟ್ಕೋಪರದ ಆಸ್ಪತ್ರೆಯಲ್ಲಿ, ಜಾತಕದಲ್ಲಿ ಬರೆಸಿದ್ದು ಉಡುಪಿ. ಮುಂಬಯಿಯ ರೇಖಾಂಶ ಪೂರ್ವ 72 ಅಂಶ 50 ಕಲೆ, ಉಡುಪಿಯದು ಸುಮಾರು 74 ಅಂಶ 45 ಕಲೆ. ಒಂದು ಅಂಶಕ್ಕೆ 4 ನಿಮಿಷದಂತೆ ಏಳೂವರೆ ನಿಮಿಷಕ್ಕೂ ಹೆಚ್ಚು ವ್ಯತ್ಯಾಸ. ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿಯ ಬಿಂದು, ಸರಾಸರಿ 4 ನಿಮಿಷಕ್ಕೆ ಒಂದು ಅಂಶ ಸರಿಯುತ್ತದೆ, ಆದ್ದರಿಂದ ಲಗ್ನ ಸುಮಾರು 2 ಅಂಶ ತಪ್ಪುತ್ತದೆ. ಲಗ್ನ ರಾಶಿಯ ಅಂಚಿನಲ್ಲಿದ್ದರೆ ರಾಶಿಯೇ ಬದಲಾಗಿ ಲಗ್ನದಿಂದ ಎಣಿಸುವ ಎಲ್ಲ ಮನೆಗಳೂ ಒಂದೊಂದು ಸರಿಯುತ್ತವೆ. ನಾಲ್ಕು-ಹತ್ತರ ಸಮಸ್ಯೆಯನ್ನು ಮೂರು-ಒಂಬತ್ತರದ್ದೆಂದು ಓದಿದಂತಾಗುತ್ತದೆ. ಗ್ರಹಗಳ ನಡುವಿನ ಕೋನಕ್ಕೆ ಮಾತ್ರ ಇದರಿಂದ ಧಕ್ಕೆಯಿಲ್ಲ.

ಮನೆಯ ಹಿರಿಯರ ಜಾತಕವಾದರೆ ಇನ್ನೊಂದು ಎಚ್ಚರಿಕೆ. ಭಾರತೀಯ ಪ್ರಮಾಣ ಸಮಯ 1906ರಲ್ಲೇ ಬಂದರೂ ಮುಂಬಯಿಯಲ್ಲಿ ‘ಬಾಂಬೆ ಟೈಮ್’ 1955ರವರೆಗೆ ಬಳಕೆಯಲ್ಲಿತ್ತು. ಅದು ಪ್ರಮಾಣ ಸಮಯಕ್ಕಿಂತ 39 ನಿಮಿಷ ಹಿಂದೆ. ಯಾವ ಗಡಿಯಾರ ನೋಡಿ ಬರೆದದ್ದು ಎಂದು ತಿಳಿಯದಿದ್ದರೆ ಲಗ್ನ ಹತ್ತಿರ ಹತ್ತಿರ 10 ಅಂಶ ಆಚೀಚೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ವರೆಗೆ, ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟಿದ್ದರು. ಆ ವರ್ಷಗಳ ಜಾತಕಕ್ಕೆ ಎರಡು ಸಮಯ ಹಾಕಿ ಎರಡು ಕುಂಡಲಿ ಬರೆಸಿ, ಜೀವನದ ದೊಡ್ಡ ಘಟನೆಗಳಿಗೆ ಯಾವುದು ಹೊಂದುತ್ತದೆಂದು ನೋಡುವುದೇ ದಾರಿ.

ಕುಂಡಲಿ ಬರೆಯುವ ರೀತಿಯೂ ಬೇರೆ. ನಮ್ಮ ಚೌಕ ಕುಂಡಲಿಯಲ್ಲಿ ರಾಶಿಯ ಸ್ಥಾನ ಸ್ಥಿರ: ಎಡ ಮೇಲ್ಮೂಲೆ ಮೀನ, ಅದರ ಬಲಕ್ಕೆ ಮೇಷ. ಎದುರು ರಾಶಿ ಬೇಕಾದರೆ ನಡುಮಧ್ಯದ ಮೂಲಕ ಗೆರೆ ಎಳೆದರೆ ಸಾಕು. ಮೀನಕ್ಕೆ ಬಲ ಕೆಳಮೂಲೆಯ ಕನ್ಯಾ ಎದುರು. ಮಹಾರಾಷ್ಟ್ರದವರು ‘ಪತ್ರಿಕೆ’ ಎನ್ನುವ ಜಾತಕದಲ್ಲಿ ಮನೆ ಸ್ಥಿರ, ಮೇಲಿನ ನಡುಮನೆಯೇ ಲಗ್ನ, ಒಳಗಿನ ಅಂಕೆ ರಾಶಿಯದು. ಅಲ್ಲಿ ‘7’ ಎಂದು ಕಂಡರೆ ತುಲಾ ರಾಶಿ ಎಂದು ಓದಬೇಕು, ಏಳನೇ ಮನೆ ಎಂದಲ್ಲ. ಬಹಳ ಜನ ಎಡವುವುದು ಇಲ್ಲಿಯೇ.

ಜಾತಕ ಸರಿಯಿದೆಯೇ ಎಂದು ಅರೆಕ್ಷಣದಲ್ಲಿ ನೋಡಲು ಒಂದು ಪರೀಕ್ಷೆಯಿದೆ. ಆಕಾಶದಲ್ಲಿ ಬುಧ ರವಿಯಿಂದ 28 ಅಂಶಕ್ಕಿಂತ, ಶುಕ್ರ ಸುಮಾರು 47 ಅಂಶಕ್ಕಿಂತ ದೂರ ಹೋಗುವುದೇ ಇಲ್ಲ. ಹಾಗಾಗಿ ರವಿ-ಬುಧ, ರವಿ-ಶುಕ್ರ, ಬುಧ-ಶುಕ್ರ ಜೋಡಿಗಳು ಎಂದೂ ಎದುರುಬದುರಾಗಲಾರವು. ಬುಧನ ಉಚ್ಚ (ಗ್ರಹಕ್ಕೆ ಅತಿ ಬಲ ಬರುವ ರಾಶಿ) ಕನ್ಯಾ, ಶುಕ್ರನ ಉಚ್ಚ ಅದರ ಎದುರಿನ ಮೀನ. ಆದ್ದರಿಂದ ಇಬ್ಬರೂ ಉಚ್ಚರಾಗಿರುವ ಜಾತಕ ಹುಟ್ಟುವುದೇ ಇಲ್ಲ. ಹಾಗೆ ಬರೆದಿದ್ದರೆ ಕಾಗದ ಪಕ್ಕಕ್ಕಿಡಿ. ಹಾಗೆಯೇ ಕುಜ, ಗುರು, ಶನಿ ಇವರು ರವಿಗೆ 180 ಅಂಶದ ಆಸುಪಾಸಿನಲ್ಲಿದ್ದರೆ ವಕ್ರರಾಗಿಯೇ (ಹಿಂದಕ್ಕೆ ಚಲಿಸುವಂತೆ ಕಾಣುತ್ತ) ಇರಬೇಕು. ಪಕ್ಕದಲ್ಲಿ ‘ವ’ ಇಲ್ಲದಿದ್ದರೆ ತಾರೀಕು ತಪ್ಪಿರುವ ಸಾಧ್ಯತೆ ಹೆಚ್ಚು. ರವಿ-ಚಂದ್ರ ಎದುರು ರಾಶಿಗಳಲ್ಲಿದ್ದರೆ ಜನ್ಮತಿಥಿ ಶುಕ್ಲ ತ್ರಯೋದಶಿಯಿಂದ ಬಹುಳ ತದಿಗೆಯ ಒಳಗಿರಲೇಬೇಕು.

ಮೂರು ಅಳತೆಗಳು

ರಾಶಿ ಲೆಕ್ಕ. ಪರಾಶರ ಪದ್ಧತಿಯಲ್ಲಿ ಎಲ್ಲ ಗ್ರಹಗಳಿಗೂ ಏಳನೇ ರಾಶಿಯ ಮೇಲೆ ಪೂರ್ಣದೃಷ್ಟಿ. ಕುಜನಿಗೆ 4, 8, ಗುರುವಿಗೆ 5, 9, ಶನಿಗೆ 3, 10 ಇವು ವಿಶೇಷ. ಇಲ್ಲಿ ಅಂಶ ನೋಡುವುದಿಲ್ಲ. ಮೇಷದ ಯಾವ ಮೂಲೆಯಲ್ಲಿದ್ದರೂ ತುಲೆಯ ಯಾವ ಮೂಲೆಯಲ್ಲಿದ್ದರೂ ಸಮಸಪ್ತಕವೇ.

ಅಂಶ ಲೆಕ್ಕ. ಎರಡು ಗ್ರಹಗಳ ನಡುವಿನ ಅಂತರ 180 ಅಂಶಕ್ಕೆ ಎಷ್ಟು ಹತ್ತಿರ ಎಂಬುದಷ್ಟೇ ಮುಖ್ಯ. ಪಾಶ್ಚಾತ್ಯ ಪದ್ಧತಿಯಲ್ಲಿ ರವಿ, ಚಂದ್ರರಿಗೆ 8ರಿಂದ 10, ಉಳಿದವರಿಗೆ 6ರಿಂದ 8 ಅಂಶದ ರಿಯಾಯಿತಿ ಕೊಡುವುದು ವಾಡಿಕೆ. ಇದನ್ನು ವಿದೇಶಿ ಎಂದು ತಳ್ಳಬೇಕಾಗಿಲ್ಲ. ವರ್ಷಫಲ ನೋಡುವ ತಾಜಿಕ ಪದ್ಧತಿಯಲ್ಲೂ ಇಂಥದ್ದೇ ರಿಯಾಯಿತಿಯ ದೀಪ್ತಾಂಶಗಳಿವೆ: ರವಿಗೆ 15, ಚಂದ್ರನಿಗೆ 12, ಕುಜನಿಗೆ 8, ಬುಧನಿಗೆ 7, ಗುರುವಿಗೆ 9, ಶುಕ್ರನಿಗೆ 7, ಶನಿಗೆ 9. ಎರಡು ಗ್ರಹಗಳ ದೀಪ್ತಾಂಶದ ಸರಾಸರಿ ಹಿಡಿದು ನೋಡುವ ರೂಢಿಯಿದೆ. ಮರಾಠಿ ಜ್ಯೋತಿಷಿಗಳಲ್ಲಿ ಅನೇಕರು ‘ಪ್ರತಿಯೋಗ’ ಎಂದಾಗ ಅಂಶ ಎಣಿಸಿಯೇ ಹೇಳುತ್ತಾರೆ.

ಜೈಮಿನಿಯ ರಾಶಿದೃಷ್ಟಿ. ರಾಶಿಗಳಲ್ಲಿ ಚರ (ಮೇಷ, ಕರ್ಕ, ತುಲಾ, ಮಕರ), ಸ್ಥಿರ (ವೃಷಭ, ಸಿಂಹ, ವೃಶ್ಚಿಕ, ಕುಂಭ), ದ್ವಿಸ್ವಭಾವ (ಉಳಿದ ನಾಲ್ಕು) ಎಂದು ಮೂರು ಜಾತಿ. ಇದರಲ್ಲಿ ಚರ ರಾಶಿ ಸ್ಥಿರ ರಾಶಿಗಳನ್ನು ನೋಡುತ್ತದೆ, ಪಕ್ಕದ್ದನ್ನು ಬಿಟ್ಟು. ಸ್ಥಿರವೂ ಅಂತೆಯೇ ಚರಗಳನ್ನು ನೋಡುತ್ತದೆ. ದ್ವಿಸ್ವಭಾವ ರಾಶಿಗಳು ಪರಸ್ಪರ ನೋಡುತ್ತವೆ. ಎದುರುಬದುರು ರಾಶಿಗಳು ಯಾವಾಗಲೂ ಒಂದೇ ಜಾತಿಯವು. ಹಾಗಾಗಿ ಮೇಷ-ತುಲಾ, ಕರ್ಕ-ಮಕರ, ವೃಷಭ-ವೃಶ್ಚಿಕ, ಸಿಂಹ-ಕುಂಭ ಇವುಗಳ ನಡುವೆ ದೃಷ್ಟಿಯೇ ಇಲ್ಲ. ಮಿಥುನ-ಧನು, ಕನ್ಯಾ-ಮೀನ ಇವೆರಡಕ್ಕೆ ಮಾತ್ರ ಇದೆ.

ಭೇದ ಎಷ್ಟಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. ಕುಜ ಮೇಷ 2 ಅಂಶ, ಶುಕ್ರ ತುಲಾ 27 ಅಂಶ ಎಂದುಕೊಳ್ಳಿ. ರಾಶಿ ಲೆಕ್ಕದಲ್ಲಿ ಪೂರ್ಣ ಸಮಸಪ್ತಕ. ಅಂಶದಲ್ಲಿ ಅಂತರ 205, ಅಂದರೆ 180ಕ್ಕೆ 25 ಅಂಶ ದೂರ; ಯಾವ ರಿಯಾಯಿತಿಯೊಳಗೂ ಬರುವುದಿಲ್ಲ. ಇನ್ನು ಕುಜ ಮೇಷ 28 ಅಂಶ, ಶುಕ್ರ ವೃಶ್ಚಿಕ 1 ಅಂಶ. ರಾಶಿ ಲೆಕ್ಕದಲ್ಲಿ ಇದು ಷಷ್ಠಾಷ್ಟಕ, ಆರು-ಎಂಟರ ಸಂಬಂಧ. ಅಂಶದಲ್ಲಿ ಅಂತರ 183, ಕೇವಲ 3 ಅಂಶದ ಬಿಗಿ ಎದುರುನಿಲುವು.

ಅಯನಾಂಶದ ಬಗ್ಗೆ ಇಲ್ಲಿ ಒಂದು ಮಾತು, ಏಕೆಂದರೆ ವಾದವೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಾಯನ (ವಿಷುವ ಬಿಂದುವಿನಿಂದ ಎಣಿಸುವ) ಮತ್ತು ನಿರಯಣ (ನಕ್ಷತ್ರಗಳಿಂದ ಎಣಿಸುವ) ರಾಶಿಚಕ್ರಗಳ ನಡುವೆ ಈಗ ಸುಮಾರು 24 ಅಂಶದ ಅಂತರವಿದೆ, ಅದೇ ಅಯನಾಂಶ. ಲಾಹಿರಿ ಅಯನಾಂಶಕ್ಕೂ ರಾಮನ್ ಅಯನಾಂಶಕ್ಕೂ ಸುಮಾರು ಒಂದೂವರೆ ಅಂಶದ ವ್ಯತ್ಯಾಸ. ಆದರೆ ಅಯನಾಂಶ ಎಲ್ಲ ಗ್ರಹಗಳನ್ನೂ ಒಂದೇ ಸಮ ಸರಿಸುತ್ತದೆ. ಎರಡು ಗ್ರಹಗಳ ನಡುವಿನ ಕೋನ ಯಾವ ಅಯನಾಂಶ ಹಾಕಿದರೂ ಅದೇ. ಬದಲಾಗುವುದು ರಾಶಿ. ಆದ್ದರಿಂದ ಬಿಗಿ ಕೋನದ ಎದುರುನಿಲುವು ಯಾವ ಅಯನಾಂಶದಲ್ಲೂ ನಿಲ್ಲುತ್ತದೆ. ರಾಶಿಯಿಂದ ಮಾತ್ರ ಆದದ್ದು ಅಯನಾಂಶ ಬದಲಿಸಿದರೆ ಕಳಚಿಹೋಗಬಹುದು.

ನಾವು ಸೂಚಿಸುವ ಆಯ್ಕೆ ಹೀಗೆ. ಸ್ವಂತ ಸ್ವಭಾವ ತಿದ್ದಿಕೊಳ್ಳುವುದಕ್ಕಾದರೆ ಅಂಶ ಲೆಕ್ಕವನ್ನು ಮೊದಲು ಹಿಡಿಯಿರಿ. 8 ಅಂಶದೊಳಗಿನ ಜೋಡಿಗಳನ್ನಷ್ಟೇ ತೆಗೆದುಕೊಳ್ಳಿ. ಆ ಬೇಡಿಕೆ ಜೀವನದ ಯಾವ ಭಾಗದಲ್ಲಿ ಕಾಣುತ್ತದೆ ಎಂದು ತಿಳಿಯಲು ಪರಾಶರ ಪದ್ಧತಿಯ ಮನೆಗಳನ್ನು ನೋಡಿ. ಮದುವೆಯ ಕೂಡಾವಳಿಗೆ, ಮುಹೂರ್ತಕ್ಕೆ ಮನೆತನದ ರಾಶಿ ಲೆಕ್ಕವೇ ಇರಲಿ, ಅಲ್ಲಿ ಎರಡು ಮನೆಯವರು ಒಪ್ಪುವ ಲೆಕ್ಕ ಮುಖ್ಯ. ಜೈಮಿನಿ ಪದ್ಧತಿಯನ್ನು ಇವೆರಡರ ಜೊತೆ ಬೆರೆಸಬೇಡಿ. ಅದಕ್ಕೆ ಅದರದೇ ಕಾರಕಗಳು (ಒಂದೊಂದು ವಿಷಯವನ್ನು ಸೂಚಿಸುವ ಗ್ರಹಗಳು), ಅದರದೇ ದಶೆಗಳು (ಜೀವನವನ್ನು ಹಂಚಿದ ಕಾಲಾವಧಿಗಳು) ಇವೆ. ಒಂದು ಪದ್ಧತಿಯ ದೃಷ್ಟಿ, ಇನ್ನೊಂದರ ದಶೆ, ಮೂರನೆಯದರ ಪರಿಹಾರ ಎಂದು ಕೂಡಿಸಿದರೆ ಯಾವ ಪದ್ಧತಿಯೂ ಹೇಳದ ಭಯ ಹುಟ್ಟುತ್ತದೆ.

ಅಂಶ ತೆಗೆಯುವುದು ಸುಲಭ. ಪ್ರತಿ ರಾಶಿಗೆ 30ರಂತೆ ಮೇಷದ ಆರಂಭದಿಂದ ಒಟ್ಟು ಅಂಶ ಬರೆಯಿರಿ. ರವಿ ಮೇಷ 12 ಅಂಶವಾದರೆ 12. ಶನಿ ತುಲಾ 17 ಅಂಶ 20 ಕಲೆಯಾದರೆ ಆರು ರಾಶಿಯ 180 ಕೂಡಿಸಿ 197 ಅಂಶ 20 ಕಲೆ. ಕಳೆದರೆ 185 ಅಂಶ 20 ಕಲೆ, 180ರಿಂದ 5 ಅಂಶ 20 ಕಲೆ ದೂರ. ಲೆಕ್ಕಕ್ಕೆ ಬರುತ್ತದೆ. ಊರಿನ ಹಳೆಯ ಜಾತಕ ಸೂರ್ಯಸಿದ್ಧಾಂತದ ಪಂಚಾಂಗದಿಂದ ಬರೆದದ್ದಾದರೆ ಗ್ರಹಸ್ಫುಟಗಳನ್ನು (ಗ್ರಹಗಳ ನಿಖರ ಅಂಶಗಳನ್ನು) ಆಕಾಶದ ವೀಕ್ಷಣೆಗೆ ಹೊಂದುವ ದೃಗ್ಗಣಿತದಲ್ಲಿ ಮತ್ತೊಮ್ಮೆ ತೆಗೆಸಿಕೊಂಡೇ ಈ ಲೆಕ್ಕ ಮಾಡಿ.

ರಾಹು-ಕೇತುಗಳನ್ನು ಈ ಪಟ್ಟಿಗೆ ಸೇರಿಸಬೇಡಿ. ಅವು ಎಲ್ಲರ ಜಾತಕದಲ್ಲೂ ಸರಿಯಾಗಿ 180 ಅಂಶದಲ್ಲೇ ಇರುತ್ತವೆ. “ನಿಮಗೆ ರಾಹು-ಕೇತು ಎದುರುಬದುರು ಇದ್ದಾರೆ” ಎಂದು ಹೆದರಿಸುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಜೋಡಿಗಳು

ಚಂದ್ರ-ಶನಿ. ಚಂದ್ರ ಒಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರುತ್ತಾನೆ, ಆದ್ದರಿಂದ ರಾಶಿ ಲೆಕ್ಕದ ಚಂದ್ರ-ಶನಿ ಸಮಸಪ್ತಕ ಪ್ರತಿ ತಿಂಗಳೂ ಬರುತ್ತದೆ. ಅಪರೂಪದ ದೋಷವೆಂದು ಯಾರಾದರೂ ಹೇಳಿದರೆ ಇದನ್ನು ನೆನಪಿಡಿ. ಬಿಗಿ ಅಂಶದ್ದು ಮಾತ್ರ ನಿಜವಾಗಿ ಗಮನಿಸತಕ್ಕದ್ದು. ಚಂದ್ರ ಮನಸ್ಸು, ತಾಯಿ, ಊಟ, ನಿದ್ದೆ. ಶನಿ ಕರ್ತವ್ಯ, ತಡ, ಒಂಟಿತನ, ದುಡಿಮೆ. ಈ ಜೋಡಿಯವರು ಸಾಮಾನ್ಯವಾಗಿ ಶನಿಯ ತುದಿಯಲ್ಲಿ ಬದುಕುತ್ತಾರೆ: ಬೆಳಿಗ್ಗೆ ಡೊಂಬಿವಲಿಯಿಂದ ನಿಂತುಕೊಂಡೇ ಲೋಕಲ್ ಪ್ರಯಾಣ, ರಾತ್ರಿ ಹತ್ತಕ್ಕೆ ಊಟ, ಯಾರಿಗೂ ಏನೂ ಹೇಳಿಕೊಳ್ಳದೆ ಮಲಗುವುದು. ಪರಿಹಾರ ಕೇಳಿದರೆ ಸೋಮವಾರ ಉಪವಾಸ, ಶನಿವಾರ ಉಪವಾಸ, ನಡುವೆ ಏಕಾದಶಿ ಎಂದು ಹಿಡಿದುಬಿಡುತ್ತಾರೆ. ಕೆಡುವುದು ಇಲ್ಲೇ. ಹಸಿದ ಚಂದ್ರನಿಗೆ ಇನ್ನಷ್ಟು ಹಸಿವು ಕೊಟ್ಟು ಶನಿಯನ್ನೇ ಬಲಪಡಿಸಿದಂತಾಗುತ್ತದೆ.

ಮಾಡಬೇಕಾದ್ದು ಶನಿಯ ಶಿಸ್ತನ್ನು ಚಂದ್ರನ ಕೆಲಸಕ್ಕೆ ಹಚ್ಚುವುದು. ವಾರಕ್ಕೆ ಐದು ದಿನವಾದರೂ ಒಂದೇ ಹೊತ್ತಿಗೆ ಊಟ. ಮಲಗುವ ಹೊತ್ತಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಏರುಪೇರು ಬೇಡ. ತಾಯಿಗೋ ತಾಯಿಯಂತಿರುವವರಿಗೋ ವಾರದ ಎರಡು ಗೊತ್ತಾದ ದಿನ ಫೋನು, ಅದರಲ್ಲಿ ಹಣಕಾಸಿನ ಮಾತು ಬೇಡ. ಉಪವಾಸ ಮಾಡಲೇಬೇಕೆಂದರೆ ವಾರಕ್ಕೆ ಒಂದೇ, ಅದೂ ಹಾಲುಹಣ್ಣಿನದು. ಸಕ್ಕರೆ ಕಾಯಿಲೆಯಿದ್ದರೆ ವೈದ್ಯರನ್ನು ಕೇಳದೆ ಅದೂ ಬೇಡ. ಆರು ವಾರ ಹೀಗೆ ನಡೆಸಿದ ಮೇಲೂ ಮನಸ್ಸಿನ ಭಾರ ಇಳಿಯದಿದ್ದರೆ, ನಿದ್ದೆ ಬಾರದಿದ್ದರೆ ಜಾತಕ ಮುಚ್ಚಿಟ್ಟು ಮನೋವೈದ್ಯರ ಬಳಿ ಹೋಗಬೇಕು. ತೀರ ಕಷ್ಟವೆನಿಸಿದರೆ ಆರು ವಾರ ಕಾಯಲೂಬಾರದು.

ರವಿ-ಶನಿ. ನೈಸರ್ಗಿಕ ಮೈತ್ರಿಯ ಪಟ್ಟಿಯಲ್ಲಿ ಇವರು ಪರಸ್ಪರ ಶತ್ರುಗಳು, ಪುರಾಣದಲ್ಲಿ ತಂದೆ-ಮಗ. ಆದರೂ ಈ ಜೋಡಿಯನ್ನು ಬರೀ ಕೆಟ್ಟದ್ದೆಂದು ತಳ್ಳುವುದು ಅವಸರದ ಮಾತು. ರವಿಯ ಪರಮೋಚ್ಚ ಮೇಷ 10 ಅಂಶ, ಶನಿಯದು ತುಲಾ 20 ಅಂಶ. ಎರಡೂ ಎದುರು ರಾಶಿಗಳು. ಶನಿ ತುಲೆಯಲ್ಲಿದ್ದ 2012, 2013, 2014ರ ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ ಹುಟ್ಟಿದ ಮಕ್ಕಳಿಗೆ ರವಿಯೂ ಉಚ್ಚ, ಶನಿಯೂ ಉಚ್ಚ, ಇಬ್ಬರೂ ಎದುರುಬದುರು. ಅಧಿಕಾರ ಮತ್ತು ಹೊಣೆ ಎರಡೂ ಗಟ್ಟಿಯಾಗಿರುವ ಮಕ್ಕಳು ಎಂದು ಪರಂಪರೆ ಓದುತ್ತದೆ. ಇಂಥ ಮಗುವಿಗೆ ತಂದೆಯ ಗದರಿಕೆಗಿಂತ ಕೊಟ್ಟ ಕೆಲಸವನ್ನು ಪೂರ್ತಿ ತನ್ನದೇ ಎಂದು ಬಿಟ್ಟುಕೊಡುವುದು ಫಲ ಕೊಡುತ್ತದೆ. ದೊಡ್ಡವರಲ್ಲಿ ಈ ಜೋಡಿ ಮೇಲಧಿಕಾರಿಯ ಜೊತೆಗಿನ ಕಿರಿಕಿರಿಯಾಗಿ ಕಾಣುತ್ತದೆ. ಕೆಲಸ ಬಿಡಬೇಕೆನಿಸಿದಾಗ ತಕ್ಷಣ ಪತ್ರ ಬರೆಯದೆ ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ: ನನಗೆ ಬೇಕಾದ ಗೌರವ ಯಾವುದು, ನಾನು ಹೊರಲು ಒಪ್ಪಿದ ಭಾರ ಯಾವುದು. ಮೂರು ತಿಂಗಳು ಎರಡನೆಯ ಸಾಲನ್ನು ಪೂರ್ತಿ ಮಾಡಿ ಆಮೇಲೆ ಮೊದಲನೆಯದನ್ನು ಬಾಯಿಬಿಟ್ಟು ಕೇಳಿ.

ಕುಜ-ಶುಕ್ರ. ಇದರಲ್ಲಿ ಶಾಂತಿಯ ಹೆಸರಿನಲ್ಲಿ ಕೋಪ ನುಂಗಿಕೊಳ್ಳುವವರು ಹೆಚ್ಚು. ಒಬ್ಬರು ಶುಕ್ರನಾಗಿ ಸುಮ್ಮನಾದರೆ ಇನ್ನೊಬ್ಬರು ಕುಜನಾಗಲೇಬೇಕು, ಮನೆಯಲ್ಲಿ ಒಬ್ಬರು ಸದಾ ಒಳ್ಳೆಯವರು, ಒಬ್ಬರು ಸದಾ ಜಗಳಗಂಟರು. ಮುಂಬಯಿಯಲ್ಲಿ ಇದು ಫ್ಲ್ಯಾಟು ಕೊಳ್ಳುವಾಗ ಹೊರಬೀಳುತ್ತದೆ, ಕುಜ ಭೂಮಿಕಾರಕ, ಶುಕ್ರ ಸುಖಕಾರಕ. ಸುಮ್ಮನಾಗುವ ಅಭ್ಯಾಸದವರು ವಾರಕ್ಕೊಂದು ಸಲ ತಮಗೆ ಬೇಡವಾದ್ದನ್ನು ಒಂದೇ ವಾಕ್ಯದಲ್ಲಿ, ಕಾರಣ ಕೊಡದೆ ಹೇಳಬೇಕು. ಸಿಡಿಯುವ ಅಭ್ಯಾಸದವರು ದುಡ್ಡಿನ ಮಾತಿಗೆ ಮೊದಲು ಅರ್ಧ ಗಂಟೆ ಬಿರುಸಾಗಿ ನಡೆದು ಬರಲಿ. ಇಬ್ಬರೂ ಒಂದೇ ಉಪಾಯ ಮಾಡಿದರೆ ಏನೂ ಬದಲಾಗುವುದಿಲ್ಲ.

ಗುರು-ಶನಿ. ಇವರು ಸುಮಾರು 20 ವರ್ಷಕ್ಕೊಮ್ಮೆ ಎದುರಾಗುತ್ತಾರೆ, ಆಗ ಹುಟ್ಟಿದ ಇಡೀ ತಲೆಮಾರಿಗೇ ಈ ಜೋಡಿ ಬರುತ್ತದೆ. 1989ರ ಕೊನೆಯಿಂದ 1991ರ ನಡುವೆ ಹುಟ್ಟಿದ ಹಲವರಲ್ಲಿ, ಮತ್ತೆ ಗುರು ಮೀನದಲ್ಲಿ, ಶನಿ ಕನ್ಯೆಯಲ್ಲಿದ್ದ 2010ರ ಮೇ ತಿಂಗಳಿನಿಂದ ಸುಮಾರು ಒಂದು ವರ್ಷದಲ್ಲಿ ಹುಟ್ಟಿದ ಮಕ್ಕಳಲ್ಲಿ ಇದೆ. ಈ ಮಕ್ಕಳ ತಂದೆತಾಯಂದಿರು ಹತ್ತನೆಯ ಪರೀಕ್ಷೆ, ಸೈನ್ಸೋ ಕಾಮರ್ಸೋ ಎಂಬ ಪ್ರಶ್ನೆ ಹಿಡಿದು ಜ್ಯೋತಿಷಿಗಳ ಬಳಿ ಹೋಗಿದ್ದಾರೆ, ಹೋಗುತ್ತಿದ್ದಾರೆ. ಇಡೀ ತರಗತಿಗೆ ಇರುವ ಯೋಗದಿಂದ ಒಂದು ಮಗುವಿನ ವಿಷಯ ಆರಿಸಲಾಗದು. ಗುರು ‘ಆಗಬಹುದು’ ಎನ್ನುತ್ತಾನೆ, ಶನಿ ‘ದಿನಕ್ಕೆ ಎಷ್ಟು ಗಂಟೆ’ ಎಂದು ಕೇಳುತ್ತಾನೆ. ಮಗು ಹೇಳುವ ಪ್ರತಿ ಆಸೆಯ ಪಕ್ಕ ಗಂಟೆಯನ್ನೂ ಕೊನೆಯ ತಾರೀಕನ್ನೂ ಬರೆಸಿ, ಎರಡು ತಿಂಗಳು ನೋಡಿ. ಯಾವುದರ ಗಂಟೆಗಳು ತಾವಾಗಿ ತುಂಬುತ್ತವೆಯೋ ಅದು ಉತ್ತರದ ಕಡೆಗೆ ಕೈ ತೋರುತ್ತದೆ.

ಬುಧ-ಗುರು ಎದುರಾದರೆ ವಿವರಕ್ಕೂ ಅರ್ಥಕ್ಕೂ ಎಳೆದಾಟ. ಓದುವುದನ್ನು ನಿಲ್ಲಿಸಿ ಒಂದನ್ನು ಬರೆದು ಮುಗಿಸುವುದು ಇಲ್ಲಿನ ಅಭ್ಯಾಸ. ಕುಜ-ಶನಿಯಲ್ಲಿ ಆತುರವೂ ತಡೆಯೂ ಒಟ್ಟಿಗೆ. ಜಿಮ್ಮಿಗೆ ಸೇರಿದ ಮೊದಲ ವಾರವೇ ಭಾರ ಎತ್ತಿ ಬೆನ್ನು ಹಿಡಿಸಿಕೊಳ್ಳುವವರು ಇವರು. ಅರ್ಧ ಭಾರದಲ್ಲಿ ಒಂದು ತಿಂಗಳು ಮಾಡಿ ಮೇಲೆ ಹೋಗಲಿ.

ಮನೆಗಳು ಬದಲಾದರೆ ಅಭ್ಯಾಸವೂ ಬದಲು

ಅದೇ ಜೋಡಿ ಒಂದು-ಏಳರಲ್ಲಿದ್ದರೆ ಸಂಗಾತಿಯ ವಿಷಯ, ಎರಡು-ಎಂಟರಲ್ಲಿದ್ದರೆ ಸ್ವಂತ ಹಣ ಮತ್ತು ಹಂಚಿಕೊಂಡ ಹಣ, ಐದು-ಹನ್ನೊಂದರಲ್ಲಿದ್ದರೆ ಮಕ್ಕಳು ಮತ್ತು ಬಳಗ. ಊರು ಬಿಟ್ಟು ಬಂದವರಿಗೆ ಎಲ್ಲಕ್ಕಿಂತ ತಾಗುವುದು ನಾಲ್ಕು-ಹತ್ತು. ನಾಲ್ಕು ಎಂದರೆ ತಾಯಿ, ಮನೆ, ಜಮೀನು, ಊರು. ಹತ್ತು ಎಂದರೆ ಕೆಲಸ, ಹೆಸರು. ಮುಂಬಯಿಗೆ ಬಂದದ್ದೇ ಹತ್ತನೇ ಮನೆಗಾಗಿ, ಹಾಗಾಗಿ ನಾಲ್ಕನೆಯದು ತಾನಾಗಿಯೇ ಹಿಂದೆ ಬೀಳುತ್ತದೆ. ಮನೆಯ ದೈವದ ನೇಮಕ್ಕೆ, ನಾಗರ ಪಂಚಮಿಗೆ ‘ರಜೆ ಸಿಕ್ಕಿದರೆ ಬರುತ್ತೇನೆ’ ಎನ್ನುವವರಿಗೆ ರಜೆ ಸಿಗುವುದೇ ಇಲ್ಲ. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಆ ದಿನವೇ ಮತ್ಸ್ಯಗಂಧ ರೈಲಿನಲ್ಲಿ ಸೀಟು ಹಿಡಿದು, ಆಮೇಲೆ ಆಫೀಸಿಗೆ ತಿಳಿಸಿ. ವರ್ಷಕ್ಕೆ ಹದಿನೈದು ದಿನ ಒಟ್ಟಿಗೆ ಹೋಗುವುದಕ್ಕಿಂತ ನಾಲ್ಕು ಸಲ ಮೂರು ಮೂರು ದಿನ ಹೋಗುವುದು ಈ ಅಕ್ಷಕ್ಕೆ ಹೆಚ್ಚು ಹೊಂದುತ್ತದೆ, ಏಕೆಂದರೆ ಎರಡು ತುದಿಗಳ ನಡುವೆ ಓಡಾಟ ರೂಢಿಯಾಗಬೇಕು. ಎಲ್ಲ ಬಿಟ್ಟು ಊರಿಗೇ ಹೋಗಿ ನೆಲೆಸುತ್ತೇನೆ ಎಂಬ ನಿರ್ಧಾರ ಈ ಜೋಡಿಯ ದಶಾಭುಕ್ತಿಯಲ್ಲಿ (ಒಬ್ಬರ ದಶೆಯೊಳಗೆ ಇನ್ನೊಬ್ಬರ ಉಪಾವಧಿಯಾದ ಭುಕ್ತಿ) ಹುಟ್ಟಿದ್ದರೆ ಆ ಭುಕ್ತಿ ಮುಗಿಯುವವರೆಗೆ ಮನೆ ಮಾರಬೇಡಿ, ಬಾಡಿಗೆಗೆ ಕೊಡಿ.

ಯಾವ ತುದಿ ಮೊದಲು

120 ವರ್ಷವನ್ನು ಗ್ರಹಗಳಿಗೆ ಹಂಚುವ ವಿಂಶೋತ್ತರಿ ದಶೆ ನೋಡಿ. ಭುಕ್ತಿಯ ಅವಧಿ ತೆಗೆಯಲು ಎರಡು ಗ್ರಹಗಳ ದಶಾವರ್ಷಗಳನ್ನು ಗುಣಿಸಿ 120ರಿಂದ ಭಾಗಿಸಿದರಾಯಿತು. ಶನಿಗೆ 19, ಚಂದ್ರನಿಗೆ 10. ಒಂದು ವರ್ಷ 7 ತಿಂಗಳು. ಗುರು 16, ಶನಿ 19. ಎರಡು ವರ್ಷ 6 ತಿಂಗಳು 12 ದಿನ. ಶುಕ್ರ 20, ಕುಜ 7. ಒಂದು ವರ್ಷ 2 ತಿಂಗಳು. ಯಾರ ದಶೆಯಲ್ಲಿ ಯಾರ ಭುಕ್ತಿ ಬಂದರೂ ಅವಧಿ ಅಷ್ಟೇ. ಎದುರುಬದುರಾದ ಇಬ್ಬರ ದಶಾಭುಕ್ತಿ ಕೂಡಿದ ಈ ಕಾಲವೇ ಎಳೆದಾಟ ಬಿಗಿಯಾಗುವ ಕಾಲವೆಂದು ಶಾಸ್ತ್ರ ಹೇಳುತ್ತದೆ, ಆಗ ಎರಡೂ ತುದಿಗೆ ಸಮನಾಗಿ ಹೊತ್ತು ಹಂಚಬೇಕು.

ಒಬ್ಬರ ದಶೆ ಮಾತ್ರ ನಡೆಯುತ್ತಿದ್ದರೆ ಆ ತುದಿಗೆ ಬೇಕಾದ್ದು ಹೇಗೂ ಸಿಗುತ್ತದೆ. ಅಭ್ಯಾಸ ಎದುರು ತುದಿಯಿಂದ ಶುರುವಾಗಲಿ. ಯಾವ ದಶೆಯೂ ಸಂಬಂಧಪಡದಿದ್ದರೆ ಬಲ ನೋಡಿ: ನೀಚನೋ (ಉಚ್ಚದ ಎದುರು ರಾಶಿಯಲ್ಲಿ) ಅಸ್ತನೋ (ರವಿಗೆ ತೀರ ಹತ್ತಿರ) ಆಗಿರುವ ಗ್ರಹದ ತುದಿಗೆ ಮೊದಲ ಗಮನ. ಎರಡರಲ್ಲಿ ಒಂದು ಲಗ್ನಾಧಿಪತಿಯಾದರೆ ಅದನ್ನು ಕುಗ್ಗಿಸುವ ಯಾವ ಉಪಾಯವೂ ಬೇಡ. ಇದೆಲ್ಲ ಒಂದಕ್ಕೊಂದು ತಾಳೆಯಾಗದಿದ್ದರೆ ಮನೆಯ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ, “ನನ್ನ ಬಗ್ಗೆ ನಿಮ್ಮ ಹಳೆಯ ದೂರು ಏನು?” ಇಬ್ಬರೂ ಒಂದನ್ನೇ ಹೇಳಿದರೆ ತುದಿ ಸಿಕ್ಕಿತು. ಕಾಗದದ ಲೆಕ್ಕಕ್ಕಿಂತ ನಾವು ಈ ಉತ್ತರಕ್ಕೆ ಹೆಚ್ಚು ತೂಕ ಕೊಡುತ್ತೇವೆ.

ಪರೀಕ್ಷಿಸಿ ನೋಡಬೇಕೆಂದಿದ್ದರೆ ಚಂದ್ರನ ಸುತ್ತು ಬಳಸಿ. ಚಂದ್ರ ಸುಮಾರು 27 ದಿನ 8 ಗಂಟೆಯಲ್ಲಿ ನಕ್ಷತ್ರ ಚಕ್ರ ಸುತ್ತುತ್ತಾನೆ. ಒಂದು ತುದಿಯ ರಾಶಿಗೆ ಕಾಲಿಟ್ಟ ಸುಮಾರು ಹದಿನಾಲ್ಕು ದಿನಕ್ಕೆ ಎದುರಿನದನ್ನು ಮುಟ್ಟುತ್ತಾನೆ. ಮೂರು ಸುತ್ತು, ಅಂದರೆ 82 ದಿನ, ಪ್ರತಿ ರಾತ್ರಿ ನಾಲ್ಕು ಅಂಕೆ ಬರೆಯಿರಿ: ನಿದ್ದೆಯ ಗಂಟೆ, ಅನವಶ್ಯಕ ಖರ್ಚು, ಜಗಳ, ಮುಗಿಸಿದ ಕೆಲಸ. ಪಂಚಾಂಗವನ್ನು 82ನೆಯ ದಿನದವರೆಗೆ ತೆರೆಯಲೇಬೇಡಿ. ಮೊದಲೇ ನೋಡಿದರೆ ಮನಸ್ಸು ಚಂದ್ರನಿಗೆ ತಕ್ಕಂತೆ ಬರೆಯುತ್ತದೆ. ಕೊನೆಗೆ ತಾಳೆ ಹಾಕಿ. ಹೊಂದಿಕೆ ಕಾಣದಿದ್ದರೆ ಆ ಜೋಡಿಯ ವಿಷಯವನ್ನು ಅಲ್ಲಿಗೆ ಬಿಟ್ಟುಬಿಡಬಹುದು. ಬರೆದ ಅಂಕೆಗಳು ಹೇಗೂ ಉಪಯೋಗಕ್ಕೆ ಬರುತ್ತವೆ.

ರತ್ನ, ದಾನ, ಜಪ, ದಿನಚರಿ

ರತ್ನ ಗ್ರಹದ ಬಲ ಹೆಚ್ಚಿಸುತ್ತದೆ, ದಾನ ಅದನ್ನು ಶಮನಗೊಳಿಸುತ್ತದೆ ಎಂಬುದು ಸಂಪ್ರದಾಯ. ಎದುರುನಿಲುವಿನಲ್ಲಿ ಒಂದು ತುದಿಗೆ ರತ್ನ ಹಾಕಿದರೆ ತಕ್ಕಡಿ ಇನ್ನಷ್ಟು ವಾಲುತ್ತದೆ. ಎರಡೂ ತುದಿಗೆ ಹಾಕುತ್ತೇವೆಂದರೆ ರವಿಯ ಮಾಣಿಕ್ಯ ಮತ್ತು ಶನಿಯ ನೀಲದಂಥವನ್ನು ಒಟ್ಟಿಗೆ ಧರಿಸಬಾರದೆಂಬ ರೂಢಿ ಅಡ್ಡ ಬರುತ್ತದೆ. ಜವೇರಿ ಬಜಾರಿಗೆ ಹೋಗುವ ಮೊದಲು ಆರು ತಿಂಗಳು ಬೇರೆ ದಾರಿ ನೋಡಿ ಎಂಬುದು ನಮ್ಮ ಗಟ್ಟಿ ಸಲಹೆ. ಆಮೇಲೂ ಬೇಕೆಂದರೆ ಪ್ರಯೋಗಾಲಯದ ಪ್ರಮಾಣಪತ್ರವಿಲ್ಲದ ಕಲ್ಲು ಬೇಡ, ಸಾಲ ಮಾಡಿ ಅಂತೂ ಬೇಡವೇ ಬೇಡ.

ದಾನ ಜೋರಾಗಿರುವ ತುದಿಯದ್ದಿರಲಿ. ರವಿಗೆ ಗೋಧಿ, ಚಂದ್ರನಿಗೆ ಅಕ್ಕಿ, ಕುಜನಿಗೆ ತೊಗರಿ, ಬುಧನಿಗೆ ಹೆಸರು, ಗುರುವಿಗೆ ಕಡಲೆ, ಶುಕ್ರನಿಗೆ ಅವರೆ, ಶನಿಗೆ ಎಳ್ಳು. ಮಾಟುಂಗದ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತವೆ. ತಿಂಗಳಿಗೊಮ್ಮೆ ಒಂದು ಕಿಲೋ, ಅಡುಗೆಯಾಗಿ ಯಾರ ಹೊಟ್ಟೆಗಾದರೂ ಸೇರುವಂತೆ ಕೊಟ್ಟರೆ ಸಾಕು.

ಜಪ ಹಿಂದೆ ಬಿದ್ದ ತುದಿಯದ್ದು. ರೂಢಿಯ ಪಟ್ಟಿಯಲ್ಲಿ ಚಂದ್ರನಿಗೆ 11,000, ಶನಿಗೆ 23,000. ದಿನಕ್ಕೆ 108ರ ಐದು ಮಾಲೆಯಂತೆ ಚಂದ್ರನದು 21 ದಿನ, ಶನಿಯದು 43 ದಿನ. ಪಟ್ಟಿ ಮುಗಿಸುವ ಹಟದಲ್ಲಿ ನಿದ್ದೆ ಕಡಿಮೆ ಮಾಡಿದರೆ ಚಂದ್ರನ ಜಪದಿಂದ ಚಂದ್ರನಿಗೇ ನಷ್ಟ. ದಿನಕ್ಕೆ ಒಂದೇ ಮಾಲೆ, ತಪ್ಪದೆ, ಎಂಬುದು ದುಡಿಯುವವರಿಗೆ ನಡೆಯುವ ಪ್ರಮಾಣ. ದಿನಚರಿಯ ಬದಲಾವಣೆಯ ಜೊತೆಗೇ ಇದು ಇರಬೇಕು. ಜಪ ಮಾಡುತ್ತ ಹಳೆಯ ದಿನಚರಿಯನ್ನೇ ಮುಂದುವರಿಸುವವರು ಒಂದು ವರ್ಷದ ನಂತರವೂ ಅದೇ ದೂರು ಹೇಳುತ್ತಾರೆ.

ಯಾರನ್ನು ಕೇಳಬೇಕು

ಆ್ಯಪ್ ಗ್ರಹಸ್ಫುಟ ತೆಗೆಯಲು ಒಳ್ಳೆಯದು, ಫಲ ಓದಲು ಅಲ್ಲ. ಸೆಟ್ಟಿಂಗಿನಲ್ಲಿ ಅಯನಾಂಶ ಲಾಹಿರಿ ಇದೆಯೇ, ಹುಟ್ಟಿದ ಊರೇ ಹಾಕಿದೆಯೇ ನೋಡಿ. ರಾಹುವಿನ ಸ್ಥಾನ ‘ಮಧ್ಯಮ’ವೋ (ಸರಾಸರಿ) ‘ಸ್ಫುಟ’ವೋ (ನಿಜ) ಎಂಬುದರಿಂದ ಸುಮಾರು ಒಂದೂವರೆ ಅಂಶದವರೆಗೆ ವ್ಯತ್ಯಾಸ ಬರುತ್ತದೆ. ಊರಿನ ಪುರೋಹಿತರಿಗೆ ಮನೆತನ ಗೊತ್ತು, ನೇಮನಿಷ್ಠೆ ಗೊತ್ತು. ದಾನ, ಶಾಂತಿ, ಮುಹೂರ್ತ ಅವರಲ್ಲೇ ಕೇಳಿ. ಅಂಶದ ಸೂಕ್ಷ್ಮ ಬೇಕಾದರೆ ಗ್ರಹಸ್ಫುಟದ ಕಾಗದವನ್ನು ಮುಂದಿಟ್ಟುಕೊಂಡು ಮಾತಾಡುವ ಜ್ಯೋತಿಷಿಯನ್ನು ಹುಡುಕಿ, ಭಾಷೆ ಕನ್ನಡವೋ ಮರಾಠಿಯೋ ಇರಲಿ.

ಕುಳಿತ ಕೂಡಲೇ ಮೂರು ಪ್ರಶ್ನೆ ಕೇಳಬಹುದು, ಯಾರೂ ಬೇಸರಿಸಿಕೊಳ್ಳಬಾರದು. ಯಾವ ಅಯನಾಂಶ ಬಳಸುತ್ತೀರಿ? ಈ ಎರಡು ಗ್ರಹಗಳ ನಡುವೆ ಎಷ್ಟು ಅಂಶ? ಇವೆರಡರಲ್ಲಿ ನನಗೆ ಬಲವಾದದ್ದು ಯಾವುದು, ಏಕೆ? ಮೂರಕ್ಕೂ ಅಂಕೆ ಸಹಿತ ಉತ್ತರ ಬಂದರೆ ಮುಂದೆ ಕೇಳಿ. ಉತ್ತರಕ್ಕೆ ಮೊದಲೇ ಹೋಮದ ಖರ್ಚಿನ ಪಟ್ಟಿ ಬಂದರೆ ದಕ್ಷಿಣೆ ಇಟ್ಟು, ನಮಸ್ಕರಿಸಿ, ಜಾತಕ ತೆಗೆದುಕೊಂಡು ಬನ್ನಿ.